ವಿಮ್ ತೆರೆದುಕೊಂಡಿದೆ, ಈಗೇನು ಮಾಡಬೇಕು?

ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಎರಡು ಬ್ರ್ಯಾಂಚ್‌ಗಳನ್ನು, ಎಂದರೆ ಕೋಡ್‌ನ ಎರಡು ಕವಲುಗಳನ್ನು, ಮರ್ಜ್ ಮಾಡಿ ಒಂದಾಗಿಸಲು ಹೊರಟಿರುತ್ತೀರಿ. ಎಂಟರ್ ಒತ್ತಿದ ಕೂಡಲೇ ಟರ್ಮಿನಲ್‌ನಲ್ಲಿ ಇದ್ದದ್ದೆಲ್ಲ ಮಾಯವಾಗಿ ಬೇರೆಯದೇ ಪರದೆ ಬರುತ್ತದೆ. ಮೇಲೆ ಒಂದೆರಡು ಸಾಲು ಇಂಗ್ಲಿಷ್, ಕೆಳಗೆ ಎಡ ಅಂಚಿನುದ್ದಕ್ಕೂ ~ ಗುರುತುಗಳು. ಟೈಪ್ ಮಾಡಿದರೆ ಅಕ್ಷರ ಮೂಡುವುದೇ ಇಲ್ಲ, ಮೂಡಿದರೂ ಅರ್ಧಂಬರ್ಧ. ಮೆನು ಇಲ್ಲ, ಮುಚ್ಚುವ ಬಟನ್ ಇಲ್ಲ. ಕಂಟ್ರೋಲ್-ಸಿ ಒತ್ತಿದರೂ ಹೊರಗೆ ಬರಲು ಆಗುವುದಿಲ್ಲ.

ಇದೇ ವಿಮ್. ಟರ್ಮಿನಲ್‌ನೊಳಗೇ ಓಡುವ ಒಂದು ಟೆಕ್ಸ್ಟ್ ಎಡಿಟರ್. ಇದರೊಳಗೆ ಸಿಕ್ಕಿಕೊಂಡವರು ನೀವೊಬ್ಬರೇ ಅಲ್ಲ. ವಿಮ್‌ನಿಂದ ಹೊರಗೆ ಬರುವುದು ಹೇಗೆ ಎಂದು 2012ರಲ್ಲಿ ಯಾರೋ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಕೇಳಿದ್ದರು. 2017ರ ಹೊತ್ತಿಗೆ ಆ ಒಂದು ಪ್ರಶ್ನೆಯನ್ನು ಹತ್ತು ಲಕ್ಷಕ್ಕೂ ಹೆಚ್ಚು ಸಲ ನೋಡಲಾಗಿತ್ತು.

ಮೊದಲೆಲ್ಲ ಈ ಪರದೆ ಕಾಣುತ್ತಿದ್ದದ್ದು ಸರ್ವರ್ ನೋಡಿಕೊಳ್ಳುವವರಿಗೆ, ಕಾಲೇಜಿನ ಯುನಿಕ್ಸ್ ಲ್ಯಾಬ್‌ನಲ್ಲಿ ಕೂತವರಿಗೆ. ಈಗ ಹಾಗಿಲ್ಲ. ತಿಂಗಳ ಬಾಡಿಗೆಗೆ ಸಣ್ಣ ಸರ್ವರ್ ತೆಗೆದುಕೊಂಡು ಸ್ವಂತ ವೆಬ್‌ಸೈಟ್ ನಡೆಸುವವರಿದ್ದಾರೆ. ಮನೆಯಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡವರಿದ್ದಾರೆ. ಟರ್ಮಿನಲ್‌ನಲ್ಲೇ ಕೋಡ್ ಬರೆದುಕೊಡುವ ಎಐ ಸಾಧನಗಳು ಬಂದ ಮೇಲಂತೂ ಪ್ರೋಗ್ರಾಮಿಂಗ್ ಕಲಿಯದವರೂ ಕಪ್ಪು ಪರದೆಯ ಮುಂದೆ ಕೂರುತ್ತಿದ್ದಾರೆ. ಇವರಿಗೆಲ್ಲ ಇವತ್ತಲ್ಲ ನಾಳೆ ವಿಮ್ ಎದುರಾಗುತ್ತದೆ.

ಇದರಲ್ಲಿ ನೂರಾರು ಕಮಾಂಡ್‌ಗಳಿವೆ, ಅದು ನಿಜ. ಆದರೆ ಅವನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಎರಡೇ ಎರಡು ವಿಷಯ ಅರ್ಥವಾದರೆ ಉಳಿದದ್ದು ತಾನಾಗಿ ಹಿಡಿತಕ್ಕೆ ಸಿಗುತ್ತದೆ.

ಒಂದು ಸೂಚನೆ. ಇಲ್ಲಿ ಕೀಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. 'ಡಬ್ಲ್ಯೂ' ಎಂದರೆ ಆ ಇಂಗ್ಲಿಷ್ ಅಕ್ಷರದ ಕೀ. 'ದೊಡ್ಡ ಜಿ' ಎಂದರೆ ಶಿಫ್ಟ್ ಹಿಡಿದು ಜಿ ಒತ್ತುವುದು. ವಿಮ್‌ಗೆ ದೊಡ್ಡ ಅಕ್ಷರ ಬೇರೆ, ಸಣ್ಣ ಅಕ್ಷರ ಬೇರೆ.

## ಮೊದಲು ಹೊರಗೆ ಬರುವ ದಾರಿ

ಎಸ್ಕೇಪ್ ಕೀಯನ್ನು ಒಂದೆರಡು ಸಲ ಒತ್ತಿ. ಆಮೇಲೆ ಕೋಲನ್ ( : ) ಒತ್ತಿ. ಕರ್ಸರ್ ಪರದೆಯ ಕಟ್ಟಕಡೆಯ ಸಾಲಿಗೆ ಹೋಗುತ್ತದೆ. ಅಲ್ಲಿ ಕ್ಯೂ, ಆಶ್ಚರ್ಯಸೂಚಕ ( ! ), ಎಂಟರ್. ಮಾಡಿದ ಬದಲಾವಣೆ ಯಾವುದನ್ನೂ ಉಳಿಸದೆ ವಿಮ್ ಮುಚ್ಚಿಕೊಳ್ಳುತ್ತದೆ.

ಬರೆದದ್ದು ಸೇವ್ ಆಗಿ ಹೊರಗೆ ಬರಬೇಕೆಂದರೆ ಎಸ್ಕೇಪ್, ಕೋಲನ್, ಡಬ್ಲ್ಯೂ, ಕ್ಯೂ, ಎಂಟರ್. ಡಬ್ಲ್ಯೂ ಎಂದರೆ ಫೈಲ್‌ಗೆ ಬರೆ, ಕ್ಯೂ ಎಂದರೆ ಮುಚ್ಚು. ಬದಲಾವಣೆ ಮಾಡಿ ಸೇವ್ ಮಾಡದೆ ಬರೀ ಕ್ಯೂ ಕೊಟ್ಟರೆ ವಿಮ್ ಒಪ್ಪುವುದಿಲ್ಲ, 'ಇ37' ಎಂಬ ದೋಷ ತೋರಿಸಿ ಅಲ್ಲೇ ನಿಲ್ಲುತ್ತದೆ. 'ಪರವಾಗಿಲ್ಲ, ನನಗೆ ಗೊತ್ತಿದ್ದೇ ಮಾಡುತ್ತಿದ್ದೇನೆ' ಎಂದು ಅದಕ್ಕೆ ತಿಳಿಸಲು ಆಶ್ಚರ್ಯಸೂಚಕ.

ಗಿಟ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಸಾಮಾನ್ಯ ಕಮಿಟ್‌ನಲ್ಲಿ, ಎಂದರೆ ಮಾಡಿದ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವಾಗ, ಸಂದೇಶ ಬರೆಯದೆ ಹೊರಬಂದರೆ ಗಿಟ್ ಆ ಕಮಿಟ್ ಅನ್ನು ಕೈಬಿಡುತ್ತದೆ. ಮರ್ಜ್ ಮಾಡುವಾಗ ಹಾಗಲ್ಲ. ಅಲ್ಲಿ ಸಂದೇಶವನ್ನು ಗಿಟ್ ಮೊದಲೇ ಬರೆದಿಟ್ಟಿರುತ್ತದೆ. ನೀವು ಸೇವ್ ಮಾಡದೆ ಬಂದರೂ ಅದೇ ಸಂದೇಶದೊಂದಿಗೆ ಮರ್ಜ್ ಮುಗಿದುಹೋಗುತ್ತದೆ. ನಿಜಕ್ಕೂ ಬೇಡ ಅನ್ನಿಸಿದರೆ ಕೋಲನ್, ಸಿ, ಕ್ಯೂ, ಎಂಟರ್ ಕೊಡಿ. ಆಗ ವಿಮ್ 'ಕೆಲಸ ಸರಿಯಾಗಲಿಲ್ಲ' ಎಂದು ಗಿಟ್‌ಗೆ ತಿಳಿಸಿ ಮುಚ್ಚಿಕೊಳ್ಳುತ್ತದೆ, ಗಿಟ್ ಅಲ್ಲಿಗೇ ನಿಲ್ಲಿಸುತ್ತದೆ.

ಅಂದಹಾಗೆ ಆ ~ ಗುರುತುಗಳು ಫೈಲ್‌ನಲ್ಲಿ ಇರುವುದಿಲ್ಲ. 'ಫೈಲ್ ಇಲ್ಲಿಗೆ ಮುಗಿಯಿತು, ಇದರ ಕೆಳಗೆ ಸಾಲುಗಳಿಲ್ಲ' ಎಂದಷ್ಟೇ ಅವುಗಳ ಅರ್ಥ.

## ಟರ್ಮಿನಲ್‌ನೊಳಗೇ ಎಡಿಟರ್ ಯಾಕೆ ಬೇಕು?

ಟರ್ಮಿನಲ್ ಎಂದರೆ ಕಂಪ್ಯೂಟರ್‌ಗೆ ಅಕ್ಷರಗಳಲ್ಲಿ ಆದೇಶ ಕೊಟ್ಟು ಅಕ್ಷರಗಳಲ್ಲೇ ಉತ್ತರ ಪಡೆಯುವ ಕಿಟಕಿ. ಹಾಗೆ ಆದೇಶ ಟೈಪ್ ಮಾಡುವ ಸಾಲನ್ನು ಕಮಾಂಡ್ ಲೈನ್ ಅನ್ನುತ್ತಾರೆ. ಟೆಕ್ಸ್ಟ್ ಎಡಿಟರ್ ಎಂದರೆ ಬರೀ ಅಕ್ಷರಗಳನ್ನು ತಿದ್ದುವ ಪ್ರೋಗ್ರಾಂ. ವರ್ಡ್‌ನ ಹಾಗೆ ಇದರಲ್ಲಿ ಫಾಂಟ್, ಬಣ್ಣ, ದಪ್ಪಕ್ಷರ ಯಾವುದೂ ಫೈಲ್ ಒಳಗೆ ಸೇರುವುದಿಲ್ಲ. ಲಿನಕ್ಸ್‌ನಲ್ಲಿ ಬಹುತೇಕ ಸೆಟ್ಟಿಂಗ್‌ಗಳು ಇಂಥ ಬರೀ ಅಕ್ಷರಗಳ ಫೈಲ್‌ಗಳಲ್ಲೇ ಇರುತ್ತವೆ. ಆದ್ದರಿಂದ ಲಿನಕ್ಸ್ ಬಳಸುವವರಿಗೆ ಎಡಿಟರ್ ದಿನನಿತ್ಯದ ಸಾಮಾನು.

ನೀವು ಬಾಡಿಗೆಗೆ ಪಡೆದ ಸರ್ವರ್ ಮುಂಬೈಯಲ್ಲೋ ಸಿಂಗಪುರದಲ್ಲೋ ಇರುತ್ತದೆ. ಅದಕ್ಕೆ ಮಾನಿಟರ್ ಇಲ್ಲ, ಮೌಸ್ ಇಲ್ಲ. ಹಲವು ಸಲ ಕಿಟಕಿಗಳನ್ನು ತೋರಿಸುವ ವ್ಯವಸ್ಥೆಯನ್ನೇ ಅದರಲ್ಲಿ ಹಾಕಿರುವುದಿಲ್ಲ. ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ನೀವು ಒಳಗೆ ಹೋದಾಗ ಆ ಕಡೆಯಿಂದ ಬರುವುದು ಅಕ್ಷರಗಳು ಮಾತ್ರ. ಹಾಗಾಗಿ ಅಕ್ಷರಗಳಲ್ಲೇ ಕೆಲಸ ಮಾಡುವ ಎಡಿಟರ್ ಅಲ್ಲೇ ಇರಬೇಕಾಗುತ್ತದೆ.

ಯಾವುದು ಇರುತ್ತದೆ ಎಂಬುದು ಆ ಯಂತ್ರವನ್ನು ಅವಲಂಬಿಸಿದೆ. ಆದರೆ ವಿಮ್‌ನ ಹಿರಿಯಣ್ಣ ವಿಐ ಇಲ್ಲದ ಯುನಿಕ್ಸ್ ಮಾದರಿಯ (ಲಿನಕ್ಸ್, ಮ್ಯಾಕ್ ಇಂಥ) ಯಂತ್ರ ಸಿಗುವುದು ಅಪರೂಪ. ಯುನಿಕ್ಸ್ ವ್ಯವಸ್ಥೆಗಳು ಹೇಗಿರಬೇಕು ಎಂದು ಹೇಳುವ ಪಾಸಿಕ್ಸ್ ಮಾನದಂಡದಲ್ಲೇ ವಿಐ ಸೇರಿದೆ. ವೈಫೈ ರೂಟರ್‌ನಂಥ ಪುಟ್ಟ ಸಾಧನಗಳಲ್ಲಿ ಬಳಸುವ ಬಿಜಿಬಾಕ್ಸ್‌ನಲ್ಲೂ ಒಂದು ಸಣ್ಣ ವಿಐ ಇದೆ. ವಿಂಡೋಸ್‌ಗೆ ಗಿಟ್ ಹಾಕಿಕೊಳ್ಳುವಾಗ ಏನನ್ನೂ ಬದಲಿಸದೆ ಮುಂದೆ ಮುಂದೆ ಒತ್ತಿದರೆ ಎಡಿಟರ್ ಆಗಿ ಕೂರುವುದು ವಿಮ್. ನೀವು ಕರೆಯದೆಯೇ ಅದು ಬರುವುದಕ್ಕೆ ಇದೇ ಕಾರಣ.

## ಒಂದೇ ಕೀ, ಬೇರೆ ಬೇರೆ ಕೆಲಸ

ಅರ್ಥವಾಗಬೇಕಾದ ಮೊದಲ ವಿಷಯ ಮೋಡ್.

ಬಟನ್ ಇರುವ ಹಳೆಯ ಮೊಬೈಲ್ ಬಳಸಿದವರಿಗೆ ಇದು ಹೊಸದೇನಲ್ಲ. ನಂಬರ್ ಡಯಲ್ ಮಾಡುವಾಗ 2 ಒತ್ತಿದರೆ 2 ಬರುತ್ತದೆ. ಅದೇ ಬಟನ್ ಅನ್ನು ಮೆಸೇಜ್ ಬರೆಯುವಾಗ ಒತ್ತಿದರೆ ಎ ಬರುತ್ತದೆ. ಬಟನ್ ಒಂದೇ, ಫೋನ್ ಯಾವ ಕೆಲಸದಲ್ಲಿದೆ ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ವಿಮ್ ಇಡೀ ಕೀಬೋರ್ಡ್‌ಗೆ ಇದನ್ನೇ ಮಾಡುತ್ತದೆ.

ವಿಮ್ ತೆರೆದ ಕೂಡಲೇ ನೀವಿರುವುದು ನಾರ್ಮಲ್ ಮೋಡ್‌ನಲ್ಲಿ. ಇಲ್ಲಿ ಯಾವ ಕೀ ಒತ್ತಿದರೂ ಅದು ಅಕ್ಷರವಲ್ಲ, ಆದೇಶ. ಐ ಒತ್ತಿದರೆ ಇನ್ಸರ್ಟ್ ಮೋಡ್‌ಗೆ ಹೋಗುತ್ತೀರಿ. ಅಲ್ಲಿ ಮಾಮೂಲಿ ಎಡಿಟರ್‌ನ ಹಾಗೇ ಒತ್ತಿದ ಅಕ್ಷರ ಮೂಡುತ್ತದೆ, ಕೆಳಗೆ ಎಡಗಡೆ 'ಇನ್ಸರ್ಟ್' ಎಂದು ಕಾಣುತ್ತದೆ. ಎಸ್ಕೇಪ್ ಒತ್ತಿದರೆ ಮತ್ತೆ ನಾರ್ಮಲ್. ಬರೆದು ಮುಗಿದ ಕೂಡಲೇ ಎಸ್ಕೇಪ್ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಯಾವ ಮೋಡ್‌ನಲ್ಲಿದ್ದೇನೆ ಎಂದು ಗೊತ್ತಾಗದೆ ಹೋದಾಗಲೂ ಎಸ್ಕೇಪ್ ಒತ್ತಿದರೆ ನಾರ್ಮಲ್‌ಗೆ ಬಂದು ನಿಲ್ಲುತ್ತೀರಿ.

ಮೋಡ್ ಗೊತ್ತಿಲ್ಲದವರಿಗೆ ವಿಮ್ ಹುಚ್ಚುಹುಚ್ಚಾಗಿ ಆಡುತ್ತಿದೆ ಅನ್ನಿಸುವುದು ಯಾಕೆ ಅಂತ ನೋಡಿ. ಒಂದು ಫೈಲ್ ತೆರೆದ ತಕ್ಷಣ 'ಹಲೋ' ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡುತ್ತೀರಿ ಅಂದುಕೊಳ್ಳಿ. ಎಚ್ ಒತ್ತಿದಾಗ ಕರ್ಸರ್ ಒಂದು ಅಕ್ಷರ ಎಡಕ್ಕೆ ಹೋಗಲು ನೋಡುತ್ತದೆ. ಇ ಒತ್ತಿದಾಗ ಪದದ ಕೊನೆಗೆ ಹಾರುತ್ತದೆ. ಎಲ್ ಎರಡು ಸಲ ಒತ್ತಿದಾಗ ಎರಡು ಅಕ್ಷರ ಬಲಕ್ಕೆ. ಕೊನೆಯಲ್ಲಿ ಒ ಒತ್ತಿದಾಗ ಕೆಳಗೆ ಒಂದು ಹೊಸ ಖಾಲಿ ಸಾಲು ಹುಟ್ಟಿ ವಿಮ್ ಇನ್ಸರ್ಟ್ ಮೋಡ್‌ಗೆ ಹೋಗಿಬಿಡುತ್ತದೆ. ಐದು ಅಕ್ಷರ ಟೈಪ್ ಮಾಡಿದ್ದೀರಿ, ಒಂದೂ ಮೂಡಿಲ್ಲ, ಸುಮ್ನೆ ಒಂದು ಖಾಲಿ ಸಾಲು ಬಂದಿದೆ. ಆರನೆಯ ಅಕ್ಷರದಿಂದ ಎಲ್ಲವೂ ಮೂಡತೊಡಗುತ್ತದೆ. ವಿಮ್ ಕೆಟ್ಟಿಲ್ಲ. ನೀವು ಕೊಟ್ಟ ಐದು ಆದೇಶಗಳನ್ನು ಅದು ಚಾಚೂ ತಪ್ಪದೆ ಪಾಲಿಸಿದೆ.

ಇನ್ಸರ್ಟ್‌ಗೆ ಹೋಗಲು ಐ ಒಂದೇ ಅಲ್ಲ. ಐ ಕರ್ಸರ್‌ನ ಹಿಂದೆ ಬರೆಯಲು, ಎ ಅದರ ಮುಂದೆ ಬರೆಯಲು. ದೊಡ್ಡ ಎ ಒತ್ತಿದರೆ ನೇರವಾಗಿ ಸಾಲಿನ ಕೊನೆಗೆ ಹೋಗಿ ಬರೆಯಬಹುದು. ಸಣ್ಣ ಒ ಕೆಳಗೆ ಹೊಸ ಸಾಲು ತೆರೆದರೆ ದೊಡ್ಡ ಒ ಮೇಲೆ ತೆರೆಯುತ್ತದೆ. ಮೊದಲ ದಿನಕ್ಕೆ ಐ ಮತ್ತು ಎಸ್ಕೇಪ್ ಎರಡೇ ಸಾಕು.

## 1976ರ ಬರ್ಕ್ಲಿ, ನಿಧಾನದ ಫೋನ್ ಲೈನ್

ಇಷ್ಟು ಸುತ್ತು ಯಾಕೆ, ಅಕ್ಷರ ಒತ್ತಿದರೆ ಅಕ್ಷರ ಮೂಡಬಾರದೇ? ಇದಕ್ಕೆ ಉತ್ತರ ವಿಐ ಹುಟ್ಟಿದ ಕಾಲದಲ್ಲಿದೆ.

ಅದಕ್ಕೂ ಮುಂಚೆ ಯುನಿಕ್ಸ್‌ನಲ್ಲಿದ್ದದ್ದು ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಬರೆದ ಇಡಿ ಎಂಬ ಎಡಿಟರ್. ಆಗ ಟರ್ಮಿನಲ್ ಎಂದರೆ ಕಾಗದದ ಮೇಲೆ ಅಚ್ಚು ಹಾಕುವ ಟೆಲಿಟೈಪ್ ಯಂತ್ರ. ಫೈಲ್ ಪೂರ್ತಿ ಕಣ್ಣ ಮುಂದೆ ಇರುತ್ತಿರಲಿಲ್ಲ. ಇಷ್ಟನೆಯ ಸಾಲು ತೋರಿಸು, ಆ ಸಾಲಿನಲ್ಲಿ ಇದನ್ನು ತೆಗೆದು ಅದನ್ನು ಹಾಕು ಎಂದು ಒಂದೊಂದೇ ಆದೇಶ ಕೊಡಬೇಕಿತ್ತು. ತಪ್ಪಾದರೆ ಇಡಿ ಕೊಡುತ್ತಿದ್ದ ಉತ್ತರ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ.

ಪರದೆ ಇರುವ ಟರ್ಮಿನಲ್‌ಗಳು ಬಂದಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್, ಇಡಿಯ ಮಾದರಿಯಲ್ಲೇ ಬೆಳೆದ ಇಎಕ್ಸ್ ಎಂಬ ಎಡಿಟರ್‌ಗೆ ಫೈಲ್ ಅನ್ನು ಪರದೆ ತುಂಬ ತೋರಿಸುವ ಸೌಕರ್ಯ ಸೇರಿಸಿದರು. ಅದೇ ವಿಐ ಆಯಿತು. ಕೆಲಸ ಶುರುವಾದದ್ದು 1976ರಲ್ಲಿ. ಇವತ್ತಿಗೂ ನೀವು ಕೋಲನ್ ಒತ್ತಿ ಕೊಡುವ ಆದೇಶಗಳು ಆ ಇಎಕ್ಸ್‌ನವು. ಸೇವ್ ಮಾಡುವುದು, ಮುಚ್ಚುವುದು ಕೋಲನ್‌ನಿಂದ, ಅಕ್ಷರ ಅಳಿಸುವುದು ಬರೀ ಕೀಯಿಂದ. ಹೀಗೆ ಎರಡು ರೀತಿ ಇರುವುದು ಇದಕ್ಕೇ.

ಜಾಯ್ ಮನೆಯಿಂದ ಕೆಲಸ ಮಾಡುವಾಗ ಬಳಸುತ್ತಿದ್ದದ್ದು 300 ಬಾಡ್ ವೇಗದ ಮೋಡೆಮ್. ಎಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರದ ಪರದೆಯಲ್ಲಿ 1,920 ಅಕ್ಷರ ಹಿಡಿಯುತ್ತದೆ. ಪರದೆಯನ್ನು ಒಮ್ಮೆ ಪೂರ್ತಿ ತುಂಬಲು ಒಂದು ನಿಮಿಷಕ್ಕೂ ಜಾಸ್ತಿ! ಪದದಿಂದ ಪದಕ್ಕೆ, ಸಾಲಿನ ಕೊನೆಗೆ, ಫೈಲ್‌ನ ಕೊನೆಗೆ ಒಂದೇ ಕೀಯಲ್ಲಿ ಹಾರುವ ಅನುಕೂಲ ಅಂಥ ಕಡೆ ಚಪಲವಲ್ಲ, ಅಗತ್ಯ.

ಕೀಬೋರ್ಡ್ ಕೂಡ ಬೇರೆ ಇತ್ತು. ಜಾಯ್ ಬಳಸಿದ್ದು ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಟರ್ಮಿನಲ್. ಅದರಲ್ಲಿ ಬಾಣದ ಕೀಗಳು ಪ್ರತ್ಯೇಕವಾಗಿ ಇರಲಿಲ್ಲ. ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಎಡ, ಕೆಳ, ಮೇಲೆ, ಬಲ ಬಾಣಗಳನ್ನು ಬರೆದಿದ್ದರು. ಇವತ್ತಿಗೂ ವಿಮ್‌ನಲ್ಲಿ ಓಡಾಡಲು ಅವೇ ನಾಲ್ಕು ಕೀ. ಎಸ್ಕೇಪ್ ಕೀ ಇದ್ದದ್ದು ಈಗ ಟ್ಯಾಬ್ ಇರುವ ಜಾಗದಲ್ಲಿ, ಎಡಗೈ ಬೆರಳಿನ ಪಕ್ಕದಲ್ಲೇ. ಈಗ ಎಸ್ಕೇಪ್ ಮೂಲೆಗೆ ಹೋಗಿರುವುದರಿಂದ ಪದೇ ಪದೇ ಒತ್ತುವುದು ಕಷ್ಟ ಅನ್ನಿಸುತ್ತದೆ. ಅದರ ಬದಲು ಕಂಟ್ರೋಲ್ ಹಿಡಿದು ಎಡ ಚೌಕ ಆವರಣ ( [ ) ಒತ್ತಿದರೂ ಅದೇ ಕೆಲಸ ಆಗುತ್ತದೆ.

ವಿಐ ಆಧಾರದ ಮೇಲೆ ನೆದರ್‌ಲ್ಯಾಂಡ್ಸ್‌ನ ಬ್ರಾಮ್ ಮೂಲೆನಾರ್ ತಮ್ಮ ಅಮಿಗಾ ಕಂಪ್ಯೂಟರ್‌ಗಾಗಿ ಬೆಳೆಸಿದ್ದು ವಿಮ್. ಮೊದಲು ಸಾರ್ವಜನಿಕರಿಗೆ ಬಿಟ್ಟದ್ದು 1991ರಲ್ಲಿ. ಎಷ್ಟು ಹೆಜ್ಜೆ ಬೇಕಾದರೂ ಹಿಂದಕ್ಕೆ ಹೋಗಿ ತಪ್ಪು ಸರಿಮಾಡಿಕೊಳ್ಳುವ ಸೌಕರ್ಯ, ಹಲವು ಫೈಲ್‌ಗಳನ್ನು ಒಟ್ಟಿಗೆ ನೋಡುವುದು, ಕೋಡ್‌ಗೆ ಬಣ್ಣ ಎಲ್ಲ ಸೇರಿಕೊಂಡವು. ವಿಮ್‌ಗೆ ಹಣ ಕೊಡಬೇಕಾಗಿಲ್ಲ. ಕೊಡುವ ಮನಸ್ಸಿದ್ದರೆ ಉಗಾಂಡಾದ ಕಿಬಾಲೆಯ ಮಕ್ಕಳಿಗೆ ಕೊಡಿ ಎಂದು ಬ್ರಾಮ್ ಕೇಳಿಕೊಂಡಿದ್ದರು. ಫೈಲ್ ಹೆಸರು ಕೊಡದೆ ವಿಮ್ ತೆರೆದರೆ ಆ ಮನವಿ ಹಲವು ಸಲ ಮೊದಲ ಪರದೆಯಲ್ಲೇ ಕಾಣಸಿಗುತ್ತದೆ. ಬ್ರಾಮ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. 2024ರ ಜನವರಿಯಲ್ಲಿ ಬಂದ 9.1ನೇ ಆವೃತ್ತಿಯನ್ನು ಅವರ ನೆನಪಿಗೆ ಅರ್ಪಿಸಲಾಗಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬರು ಹೀಗೆ ಒಂದು ಸಾಧನವನ್ನು ಬೆಳೆಸಿಕೊಂಡು ಬಂದದ್ದು ದೊಡ್ಡ ಮಾತು.

## ಏನು ಮಾಡಬೇಕು, ಎಲ್ಲಿಯವರೆಗೆ

ಅರ್ಥವಾಗಬೇಕಾದ ಎರಡನೆಯ ವಿಷಯ ಇದು. ನಾರ್ಮಲ್ ಮೋಡ್‌ನ ಆದೇಶಗಳು ಬಿಡಿಬಿಡಿಯಾದ ಗುಟ್ಟಿನ ಸಂಕೇತಗಳಲ್ಲ. ಅವನ್ನು ಜೋಡಿಸಿ ವಾಕ್ಯದ ಹಾಗೆ ಕಟ್ಟಬಹುದು.

ಮೊದಲು ಓಡಾಟ. ಡಬ್ಲ್ಯೂ ಒತ್ತಿದರೆ ಮುಂದಿನ ಪದದ ಶುರುವಿಗೆ, ಬಿ ಒತ್ತಿದರೆ ಹಿಂದಿನ ಪದಕ್ಕೆ. ಸೊನ್ನೆ ಒತ್ತಿದರೆ ಸಾಲಿನ ಮೊದಲಿಗೆ, ಡಾಲರ್ ಗುರುತು ( $ ) ಒತ್ತಿದರೆ ಸಾಲಿನ ಕೊನೆಗೆ. ಸಣ್ಣ ಜಿ ಎರಡು ಸಲ ಒತ್ತಿದರೆ ಫೈಲ್‌ನ ತಲೆಗೆ, ದೊಡ್ಡ ಜಿ ಒಂದು ಸಲ ಒತ್ತಿದರೆ ಬುಡಕ್ಕೆ. 42 ಒತ್ತಿ ದೊಡ್ಡ ಜಿ ಒತ್ತಿದರೆ 42ನೇ ಸಾಲಿಗೆ. 'ಇಷ್ಟನೇ ಸಾಲಿನಲ್ಲಿ ತಪ್ಪಿದೆ' ಎಂದು ಯಾವುದಾದರೂ ಪ್ರೋಗ್ರಾಂ ಹೇಳಿದಾಗ ಇದು ತುಂಬ ಉಪಯೋಗಕ್ಕೆ ಬರುತ್ತದೆ.

ಇನ್ನು ಕ್ರಿಯೆಗಳು. ಡಿ ಎಂದರೆ ಅಳಿಸು. ವೈ ಎಂದರೆ ನಕಲು ತೆಗೆದುಕೋ. ಸಿ ಎಂದರೆ ಅಳಿಸಿ, ಅಲ್ಲೇ ಹೊಸದು ಬರೆಯಲು ಇನ್ಸರ್ಟ್‌ಗೆ ಹೋಗು. ಇವುಗಳ ಮುಂದೆ ಮೇಲಿನ ಯಾವ ಓಡಾಟವನ್ನು ಸೇರಿಸಿದರೂ ಕೆಲಸ ಅಲ್ಲಿಯವರೆಗೆ ನಡೆಯುತ್ತದೆ. ಡಿ ಮತ್ತು ಡಬ್ಲ್ಯೂ ಒತ್ತಿದರೆ ಒಂದು ಪದ ಹೋಗುತ್ತದೆ. ಡಿ ಮತ್ತು ಡಾಲರ್ ಒತ್ತಿದರೆ ಸಾಲಿನ ಕೊನೆಯವರೆಗೆ ಹೋಗುತ್ತದೆ. ಡಿ ಮತ್ತು ದೊಡ್ಡ ಜಿ ಒತ್ತಿದರೆ ಈ ಸಾಲಿನಿಂದ ಫೈಲ್‌ನ ಕೊನೆಯವರೆಗೆ ಎಲ್ಲ ಹೋಗುತ್ತದೆ. ಈಗ ಡಿ ಬದಲು ವೈ ಹಾಕಿ ನೋಡಿ: ಅಷ್ಟೂ ನಕಲಾಗುತ್ತದೆ. ನಾಲ್ಕು ಕ್ರಿಯೆ, ಹತ್ತು ಓಡಾಟ ಗೊತ್ತಿದ್ದರೆ ನಲವತ್ತು ಆದೇಶ ಗೊತ್ತಿದ್ದ ಹಾಗೆ. ವಿಮ್ ಬಳಸುವವರು ಅದನ್ನು ಬಿಡದೆ ಹಿಡಿದುಕೊಳ್ಳುವುದು ಇದಕ್ಕೇ.

ಕ್ರಿಯೆಯ ಕೀಯನ್ನೇ ಎರಡು ಸಲ ಒತ್ತಿದರೆ ಇಡೀ ಸಾಲಿಗೆ ಅನ್ವಯಿಸುತ್ತದೆ. ಡಿಡಿ ಎಂದರೆ ಸಾಲು ಅಳಿಸು, ವೈವೈ ಎಂದರೆ ಸಾಲು ನಕಲಿಸು. ಇವುಗಳಿಗೂ ಮೊದಲು ಸಂಖ್ಯೆ ಹಾಕಬಹುದು: 3, ಡಿ, ಡಿ ಎಂದರೆ ಮೂರು ಸಾಲು. ಅಳಿಸಿದ್ದು, ನಕಲಿಸಿದ್ದು ಎರಡೂ ವಿಮ್‌ನ ನೆನಪಿನಲ್ಲಿರುತ್ತವೆ. ಪಿ ಒತ್ತಿದರೆ ಅವು ಮತ್ತೆ ಇಳಿಯುತ್ತವೆ. ಹಾಗಾಗಿ ಡಿಡಿ ಮಾಡಿ ಬೇರೆ ಕಡೆ ಹೋಗಿ ಪಿ ಒತ್ತಿದರೆ ಸಾಲನ್ನು ಕಿತ್ತು ಅಲ್ಲಿ ನೆಟ್ಟ ಹಾಗಾಯಿತು.

ಕನ್ನಡದಲ್ಲಿ 'ಈ ಪದ ಅಳಿಸು' ಅನ್ನುತ್ತೇವೆ, ಕ್ರಿಯೆ ಕೊನೆಗೆ ಬರುತ್ತದೆ. ಇಲ್ಲಿ ಕ್ರಿಯೆ ಮೊದಲು. ನಮ್ಮ ಕ್ರಮವೇ ಹಿತ ಅನ್ನಿಸಿದರೆ ಅದಕ್ಕೂ ದಾರಿ ಇದೆ. ವಿ ಒತ್ತಿದರೆ ವಿಶುವಲ್ ಮೋಡ್. ಅಲ್ಲಿ ಕರ್ಸರ್ ಓಡಿಸಿ ಬೇಕಾದ ಭಾಗವನ್ನು ಮೊದಲು ಆರಿಸಿಕೊಳ್ಳಿ, ಆಮೇಲೆ ಡಿ ಅಥವಾ ವೈ ಒತ್ತಿ. ದೊಡ್ಡ ವಿ ಒತ್ತಿದರೆ ಸಾಲು ಸಾಲಾಗಿ ಆರಿಸಬಹುದು. ಏನು ಅಳಿಸಲಿದ್ದೇವೆ ಎಂಬುದು ಕಣ್ಣಿಗೆ ಕಾಣುವುದರಿಂದ ಶುರುವಿನಲ್ಲಿ ಇದೇ ಧೈರ್ಯ ಕೊಡುತ್ತದೆ.

ತಪ್ಪಾದರೆ ಎಸ್ಕೇಪ್ ಒತ್ತಿ ಯು ಒತ್ತಿ. ಕೊನೆಯ ಬದಲಾವಣೆ ಹಿಂದಕ್ಕೆ ಹೋಗುತ್ತದೆ. ಇನ್ನೂ ಒತ್ತಿದರೆ ಇನ್ನೂ ಹಿಂದಕ್ಕೆ. ಜಾಸ್ತಿ ಹಿಂದೆ ಹೋದರೆ ಕಂಟ್ರೋಲ್-ಆರ್ ಮುಂದಕ್ಕೆ ತರುತ್ತದೆ.

## ಒಂದು ಫೈಲ್ ತಿದ್ದೋಣ

ಸರ್ವರ್‌ನಲ್ಲಿ ಒಂದು ಸೆಟ್ಟಿಂಗ್ ಫೈಲ್ ಇದೆ. ಪ್ರೋಗ್ರಾಂ ಯಾವ ಸಂಖ್ಯೆಯ ಪೋರ್ಟ್‌ನಲ್ಲಿ ಸಂಪರ್ಕಕ್ಕೆ ಕಾಯಬೇಕು ಎಂದು ಅದರಲ್ಲಿ ಬರೆದಿದೆ: 8080, ಅದರ ಪಕ್ಕಕ್ಕೆ ಅಂಟಿಕೊಂಡು ಒಂದು ಸೆಮಿಕೋಲನ್. ಅದು 9090 ಆಗಬೇಕು. ಫೈಲ್ ನೂರಾರು ಸಾಲು ಉದ್ದ ಇದೆ.

ಟರ್ಮಿನಲ್‌ನಲ್ಲಿ ವಿಮ್ ಎಂದು ಸಣ್ಣ ಅಕ್ಷರದಲ್ಲಿ ಬರೆದು, ಸ್ಪೇಸ್ ಬಿಟ್ಟು, ಫೈಲ್ ಹೆಸರು ಕೊಟ್ಟು ಎಂಟರ್ ಒತ್ತಿ. ಒಳಗೆ ಬಂದ ಮೇಲೆ ಓರೆಗೆರೆ ( / ) ಒತ್ತಿ, 8080 ಬರೆದು ಎಂಟರ್. ಇದು ಹುಡುಕಾಟ. ಕರ್ಸರ್ ಹೋಗಿ ಮೊದಲ 8ರ ಮೇಲೆ ಕೂರುತ್ತದೆ. ಈಗ ಸಿ, ಡಬ್ಲ್ಯೂ. ಕಣ್ಣ ಮುಂದೆಯೇ 8080 ಮಾಯವಾಗುತ್ತದೆ, ಆದರೆ ಸೆಮಿಕೋಲನ್ ಹಾಗೇ ಉಳಿಯುತ್ತದೆ. ಅಂಕಿಗಳ ಗುಂಪು ಒಂದು ಪದ, ಸೆಮಿಕೋಲನ್ ಅದಕ್ಕೆ ಸೇರಿದ್ದಲ್ಲ ಎಂಬುದು ವಿಮ್‌ನ ಲೆಕ್ಕ. ಇದು ಸಣ್ಣ ವಿಷಯವಲ್ಲ. ಹಲವು ಸೆಟ್ಟಿಂಗ್ ಫೈಲ್‌ಗಳಲ್ಲಿ ಆ ಒಂದು ಸೆಮಿಕೋಲನ್ ಹೋದರೂ ಪ್ರೋಗ್ರಾಂ ಶುರುವಾಗುವುದಿಲ್ಲ. ಈಗ ಇನ್ಸರ್ಟ್ ಮೋಡ್‌ನಲ್ಲಿದ್ದೀರಿ. 9090 ಬರೆದು ಎಸ್ಕೇಪ್ ಒತ್ತಿ.

ಇದೇ ಸಂಖ್ಯೆ ಇನ್ನೂ ಎರಡು ಮೂರು ಕಡೆ ಇರಬಹುದು. ಎನ್ ಒತ್ತಿ. ಮುಂದಿನ 8080ಕ್ಕೆ ಹೋಗುತ್ತೀರಿ. ಅದನ್ನೂ ಬದಲಿಸಬೇಕೆಂದರೆ ಚುಕ್ಕಿ ( . ) ಒತ್ತಿ, ಅಷ್ಟೇ. ಚುಕ್ಕಿ ಎಂದರೆ 'ಈಗ ಮಾಡಿದ ಬದಲಾವಣೆಯನ್ನೇ ಇಲ್ಲಿಯೂ ಮಾಡು'. ಬೇಡದ ಕಡೆ ಚುಕ್ಕಿ ಒತ್ತದೆ ಸುಮ್ನೆ ಎನ್ ಒತ್ತಿ ಮುಂದೆ ಹೋಗಿ. ಒಂದೊಂದನ್ನೂ ಕಣ್ಣಾರೆ ನೋಡಿ ಬದಲಿಸುವುದರಿಂದ ತಪ್ಪಾಗುವುದು ಕಡಿಮೆ.

ಕೊನೆಗೆ ಕೋಲನ್, ಡಬ್ಲ್ಯೂ, ಕ್ಯೂ, ಎಂಟರ್.

ಈ ಹುಡುಕಾಟದ ಅಭ್ಯಾಸ ಬೇರೆ ಕಡೆಯೂ ಕೈ ಹಿಡಿಯುತ್ತದೆ. ಟರ್ಮಿನಲ್‌ನಲ್ಲಿ ಉದ್ದ ಫೈಲ್ ಓದಲು ಬಳಸುವ ಲೆಸ್ ಎಂಬ ಪ್ರೋಗ್ರಾಂನಲ್ಲೂ ಓರೆಗೆರೆ, ಎನ್, ಜೆ, ಕೆ ಇದೇ ಕೆಲಸ ಮಾಡುತ್ತವೆ.

## ಜಾಸ್ತಿ ಜನ ಎಡವುವ ಜಾಗಗಳು

ವಿಂಡೋಸ್‌ನ ರೂಢಿಯಿಂದ ಬಂದವರು ತಪ್ಪಾದಾಗ ಕಂಟ್ರೋಲ್-ಜೆಡ್ ಒತ್ತುತ್ತಾರೆ. ಇಲ್ಲಿ ಅದು ವಿಮ್ ಅನ್ನು ಹಿನ್ನೆಲೆಗೆ ತಳ್ಳಿ ಅಲ್ಲೇ ನಿಲ್ಲಿಸುತ್ತದೆ. ಮತ್ತೆ ಕಮಾಂಡ್ ಲೈನ್ ಕಾಣುತ್ತದೆ, ವಿಮ್ ಮುಚ್ಚಿಕೊಂಡಿತು ಅನ್ನಿಸುತ್ತದೆ. ಅದೇ ಫೈಲ್ ಅನ್ನು ಮತ್ತೆ ತೆರೆದಾಗ 'ಇ325' ಎಂಬ ಉದ್ದದ ಎಚ್ಚರಿಕೆ ಬರುತ್ತದೆ. ಕಾರಣ ಸ್ವಾಪ್ ಫೈಲ್. ನೀವು ತಿದ್ದುವಾಗ ಸೇವ್ ಆಗದ ಬದಲಾವಣೆಗಳನ್ನು ವಿಮ್ ಒಂದು ಮರೆಯ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ 200 ಅಕ್ಷರ ಟೈಪ್ ಮಾಡಿದಾಗ, ಇಲ್ಲವೇ 4 ಸೆಕೆಂಡ್ ಸುಮ್ಮನಿದ್ದಾಗ ಅದು ಹೊಸದಾಗುತ್ತದೆ. ಕರೆಂಟ್ ಹೋದರೂ ನೆಟ್ ಕಡಿದುಹೋದರೂ ಬರೆದದ್ದು ಉಳಿಯಲಿ ಎಂದು ಈ ಏರ್ಪಾಡು. ಅಂಥ ಫೈಲ್ ಈಗಾಗಲೇ ಇದೆ ಎಂದರೆ ಎರಡರಲ್ಲೊಂದು: ಇನ್ನೊಂದು ವಿಮ್ ಇದೇ ಫೈಲ್ ಅನ್ನು ಹಿಡಿದಿದೆ, ಇಲ್ಲವೇ ಹಿಂದಿನ ಸಲ ವಿಮ್ ಅರ್ಧಕ್ಕೇ ನಿಂತುಹೋಗಿದೆ.

ಕಂಟ್ರೋಲ್-ಜೆಡ್ ಒತ್ತಿದ್ದು ನೆನಪಿದ್ದರೆ ಎಚ್ಚರಿಕೆಯ ಪರದೆಯಲ್ಲಿ ಕ್ಯೂ ಒತ್ತಿ ಹೊರಬನ್ನಿ. ಕಮಾಂಡ್ ಲೈನ್‌ನಲ್ಲಿ ಎಫ್‌ಜಿ ಎಂದು ಸಣ್ಣ ಅಕ್ಷರದಲ್ಲಿ ಬರೆದು ಎಂಟರ್ ಒತ್ತಿದರೆ ಹಳೆಯ ವಿಮ್ ಇದ್ದ ಹಾಗೇ ಎದುರಿಗೆ ಬರುತ್ತದೆ. ನಿಜಕ್ಕೂ ಸಂಪರ್ಕ ಕಡಿದುಹೋಗಿತ್ತು ಎಂದಾದರೆ ಆರ್ ಒತ್ತಿ. ಉಳಿದಿದ್ದ ಬರಹ ವಾಪಸ್ ಬರುತ್ತದೆ. ಎಲ್ಲ ಸರಿ ಇದೆಯೇ ನೋಡಿ ಸೇವ್ ಮಾಡಿ, ಆಮೇಲೆ ಆ ಸ್ವಾಪ್ ಫೈಲ್ ತೆಗೆದುಹಾಕಿ. ತೆಗೆಯದಿದ್ದರೆ ಪ್ರತಿ ಸಲವೂ ಅದೇ ಎಚ್ಚರಿಕೆ ಬರುತ್ತಿರುತ್ತದೆ.

ಸೇವ್ ಮಾಡಲು ಕಂಟ್ರೋಲ್-ಎಸ್ ಒತ್ತಿದರೆ ಕೆಲವು ಟರ್ಮಿನಲ್‌ಗಳಲ್ಲಿ ಪರದೆಯೇ ಹೆಪ್ಪುಗಟ್ಟಿದ ಹಾಗಾಗುತ್ತದೆ. ಅದು ಟರ್ಮಿನಲ್‌ನ ಹಳೆಯ 'ತೋರಿಸುವುದನ್ನು ನಿಲ್ಲಿಸು' ಆದೇಶ. ಕಂಟ್ರೋಲ್-ಕ್ಯೂ ಒತ್ತಿದರೆ ಬಿಡುಗಡೆ.

ಕ್ಯಾಪ್ಸ್ ಲಾಕ್ ಬಗ್ಗೆ ಎಚ್ಚರ ಬೇಕು. ಕೆಳಗೆ ಹೋಗಲು ಜೆ ಒತ್ತುತ್ತಿದ್ದೀರಿ, ಕ್ಯಾಪ್ಸ್ ಲಾಕ್ ಆನ್ ಇದೆ. ದೊಡ್ಡ ಜೆ ಎಂದರೆ ಕೆಳಗಿನ ಸಾಲನ್ನು ಈ ಸಾಲಿಗೆ ಅಂಟಿಸು ಎಂದರ್ಥ. ನೋಡನೋಡುತ್ತಿದ್ದಂತೆ ಹತ್ತು ಸಾಲು ಸೇರಿ ಒಂದಾಗಿರುತ್ತದೆ. ಕ್ಯಾಪ್ಸ್ ಲಾಕ್ ತೆಗೆದು, ಸರಿಹೋಗುವವರೆಗೆ ಯು ಒತ್ತಿ.

ಕೋಲನ್ ಮರೆತು ಬರೀ ಕ್ಯೂ ಒತ್ತಿದರೆ ಮುಂದಿನ ಕೀಗಳನ್ನು ವಿಮ್ ರೆಕಾರ್ಡ್ ಮಾಡಿಕೊಳ್ಳಲು ಶುರು ಮಾಡಬಹುದು. ಕೆಳಗೆ 'ರೆಕಾರ್ಡಿಂಗ್' ಎಂದು ಕಂಡರೆ ಎಸ್ಕೇಪ್ ಒತ್ತಿ, ಕ್ಯೂ ಇನ್ನೊಮ್ಮೆ ಒತ್ತಿ. ನಿಂತುಹೋಗುತ್ತದೆ.

ಉಬುಂಟುವಿನಂಥ ಕೆಲವು ವ್ಯವಸ್ಥೆಗಳಲ್ಲಿ ಮೊದಲಿಗೆ ಇರುವುದು ವಿಮ್‌ನ ತೀರಾ ಚಿಕ್ಕ ರೂಪ. ಅದರಲ್ಲಿ ಇನ್ಸರ್ಟ್ ಮೋಡ್‌ನಲ್ಲಿ ಬಾಣದ ಕೀ ಒತ್ತಿದರೆ ಕರ್ಸರ್ ಓಡುವ ಬದಲು ಎ, ಬಿ, ಸಿ, ಡಿ ಅಕ್ಷರಗಳು ಮೂಡುವುದುಂಟು. ಟರ್ಮಿನಲ್ ಬಾಣದ ಕೀಯನ್ನು ಕಳಿಸುವುದೇ ಎಸ್ಕೇಪ್‌ನಿಂದ ಶುರುವಾಗಿ ಒಂದು ಅಕ್ಷರದಿಂದ ಮುಗಿಯುವ ಸರಣಿಯಾಗಿ. ಹಳೆಯ ವಿಐ ರೀತಿಯಲ್ಲಿ ಓಡುವ ವಿಮ್ ಅದನ್ನು ಒಂದೇ ಕೀ ಎಂದು ಗುರುತಿಸುವುದಿಲ್ಲ. ಪೂರ್ಣ ವಿಮ್ ಹಾಕಿಕೊಂಡರೆ ಈ ತೊಂದರೆ ಇರುವುದಿಲ್ಲ.

ಇನ್ನೊಂದು, ಅನುಮತಿ. ವ್ಯವಸ್ಥೆಯ ಫೈಲ್ ಅನ್ನು ಮಾಮೂಲಿ ಬಳಕೆದಾರರಾಗಿ ತೆರೆದು ಬಹಳ ಹೊತ್ತು ತಿದ್ದಿದ ಮೇಲೆ ಸೇವ್ ಆಗುವುದಿಲ್ಲ ಅನ್ನುತ್ತದೆ. ಗಾಬರಿಯಾಗಿ ಮುಚ್ಚಬೇಡಿ. ಕೋಲನ್, ಡಬ್ಲ್ಯೂ, ಸ್ಪೇಸ್, ಆಮೇಲೆ ನಿಮಗೆ ಬರೆಯಲು ಅನುಮತಿ ಇರುವ ಜಾಗದ ಬೇರೊಂದು ಫೈಲ್ ಹೆಸರು ಕೊಡಿ. ಬರೆದದ್ದು ಅಲ್ಲಿ ಸೇವ್ ಆಗುತ್ತದೆ. ನಂತರ, ಆಡಳಿತಗಾರರ ಅಧಿಕಾರದಲ್ಲಿ ಆದೇಶ ನಡೆಸುವ ಸುಡೊ ಬಳಸಿ ಅದನ್ನು ಸರಿಯಾದ ಜಾಗಕ್ಕೆ ನಕಲಿಸಿ.

## ಕನ್ನಡದಲ್ಲಿ ಟೈಪ್ ಮಾಡುವಾಗ

ವಿಮ್‌ಗೆ ಯೂನಿಕೋಡ್ ಗೊತ್ತು, ಕನ್ನಡ ಫೈಲ್‌ಗಳನ್ನು ತೆರೆದು ಸೇವ್ ಮಾಡುವುದಕ್ಕೆ ತೊಂದರೆ ಇಲ್ಲ. ತೊಡಕು ಬರುವುದು ಮೋಡ್‌ನಲ್ಲಿ. ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಆನ್ ಇದ್ದಾಗ ಜೆ ಕೀ ಒತ್ತಿದರೆ ವಿಮ್‌ಗೆ ತಲುಪುವುದು 'ರ'. ಐ ಕೀ ಒತ್ತಿದರೆ 'ಗ'. ನಾರ್ಮಲ್ ಮೋಡ್‌ನಲ್ಲಿ 'ರ' ಎಂಬ ಆದೇಶ ಇಲ್ಲ. ಹಾಗಾಗಿ ವಿಮ್ ಅಲುಗಾಡುವುದಿಲ್ಲ. ಎಸ್ಕೇಪ್ ಒತ್ತಿದ ಕೂಡಲೇ ಕೀಬೋರ್ಡ್ ಅನ್ನೂ ಇಂಗ್ಲಿಷ್‌ಗೆ ಬದಲಿಸಿಕೊಳ್ಳುವುದು ಸರಳ ಪರಿಹಾರ. ಕನ್ನಡ ಅಕ್ಷರ ಬಂದಾಗ ಅದನ್ನು ಯಾವ ಇಂಗ್ಲಿಷ್ ಕೀ ಎಂದು ತಿಳಿಯಬೇಕು ಅಂತ ಹೇಳಿಕೊಡುವ 'ಲ್ಯಾಂಗ್‌ಮ್ಯಾಪ್' ಎಂಬ ಸೆಟ್ಟಿಂಗ್ ಕೂಡ ವಿಮ್‌ನಲ್ಲಿದೆ. ಅದು ಸ್ವಲ್ಪ ಪಳಗಿದ ಮೇಲೆ ನೋಡಬೇಕಾದ್ದು.

ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. ಟರ್ಮಿನಲ್ ಪರದೆಯನ್ನು ಸಮ ಅಳತೆಯ ಮನೆಗಳಾಗಿ ಹಂಚಿಕೊಂಡು ಅಕ್ಷರಗಳನ್ನು ಕೂರಿಸುತ್ತದೆ. ಕನ್ನಡದ ಒತ್ತು, ಗುಣಿತ ಆ ಅಳತೆಗೆ ಬಗ್ಗುವುದಿಲ್ಲ. ಪರದೆಯಲ್ಲಿ ಒಡೆದು ಕಂಡರೂ ಫೈಲ್‌ನಲ್ಲಿ ಬರಹ ಸರಿಯಾಗಿಯೇ ಇರುತ್ತದೆ. ಉದ್ದದ ಕನ್ನಡ ಲೇಖನ ಬರೆಯುವುದಿದ್ದರೆ ಮಾತ್ರ ಕಿಟಕಿ ಇರುವ ಎಡಿಟರ್ ವಾಸಿ.

## ನ್ಯಾನೊ ಸಾಕೇ?

ಅಪರೂಪಕ್ಕೆ ಒಂದು ಸಾಲು ತಿದ್ದುವವರಿಗೆ ನ್ಯಾನೊ ಖಂಡಿತ ಸಾಕು. ಕ್ರಿಸ್ ಅಲೆಗ್ರೆಟ್ಟ 1999ರಲ್ಲಿ ಶುರು ಮಾಡಿದ ಈ ಎಡಿಟರ್‌ನಲ್ಲಿ ಮೋಡ್‌ಗಳ ಗೊಡವೆಯಿಲ್ಲ. ಒತ್ತಿದ ಅಕ್ಷರ ಮೂಡುತ್ತದೆ, ಮುಖ್ಯ ಆದೇಶಗಳು ಪರದೆಯ ಕೆಳಗೇ ಬರೆದಿರುತ್ತವೆ. ಅಲ್ಲಿ ಕಾಣುವ ^ ಗುರುತಿಗೆ ಕಂಟ್ರೋಲ್ ಎಂದರ್ಥ. ಕಂಟ್ರೋಲ್-ಒ ಸೇವ್ ಮಾಡಲು, ಕಂಟ್ರೋಲ್-ಎಕ್ಸ್ ಹೊರಬರಲು. ಗಿಟ್ ಪ್ರತಿ ಸಲ ವಿಮ್ ಬದಲು ನ್ಯಾನೊ ತೆರೆಯಬೇಕೆಂದರೆ ಗಿಟ್‌ನ 'ಕೋರ್.ಎಡಿಟರ್' ಸೆಟ್ಟಿಂಗ್‌ನಲ್ಲಿ ನ್ಯಾನೊ ಎಂದು ಕೊಟ್ಟರಾಯಿತು.

ಆದರೂ ಐ, ಎಸ್ಕೇಪ್, ಸೇವ್, ಹೊರಬರುವುದು ಇಷ್ಟನ್ನಾದರೂ ಕಲಿತಿರಿ ಅನ್ನುತ್ತೇನೆ. ನ್ಯಾನೊ ಇಲ್ಲದ ಯಂತ್ರ ನಿಮಗೆ ಸಿಕ್ಕೇ ಸಿಗುತ್ತದೆ. ಅದೂ ಸರ್ವರ್ ಕೆಟ್ಟು ನಿಂತು, ಅವಸರದಲ್ಲಿ ಒಂದು ಫೈಲ್ ತಿದ್ದಬೇಕಾದ ಹೊತ್ತಿನಲ್ಲಿ. ದಿನಾ ಟರ್ಮಿನಲ್‌ನಲ್ಲಿ ಕೆಲಸ ಮಾಡುವವರಾದರೆ ಪೂರ್ತಿ ವಿಮ್ ಕಲಿಯಲು ಹಾಕಿದ ಸಮಯ ಬೇಗ ವಾಪಸ್ ಬರುತ್ತದೆ.

## ಅಭ್ಯಾಸಕ್ಕೆ ವಿಮ್‌ಟ್ಯೂಟರ್

ಪೂರ್ಣ ವಿಮ್ ಇರುವ ಕಡೆ ಅದರ ಜೊತೆಗೇ ಒಂದು ಪಾಠ ಬಂದಿರುತ್ತದೆ. ಟರ್ಮಿನಲ್‌ನಲ್ಲಿ ವಿಮ್‌ಟ್ಯೂಟರ್ ಎಂದು ಸಣ್ಣ ಅಕ್ಷರದಲ್ಲಿ, ನಡುವೆ ಸ್ಪೇಸ್ ಬಿಡದೆ ಬರೆದು ಎಂಟರ್ ಒತ್ತಿ. ಮ್ಯಾಕ್‌ನಲ್ಲಿ ಇದು ಮೊದಲೇ ಇರುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುವ ಪಾಠ. ಅದರ ಒಂದು ಗುಣ ತುಂಬ ಚೆನ್ನಾಗಿದೆ: ಪಾಠ ಇರುವುದೇ ವಿಮ್‌ನೊಳಗೆ ತೆರೆದ ಒಂದು ಫೈಲ್ ಆಗಿ. 'ಈ ಸಾಲಿನಲ್ಲಿ ಹೆಚ್ಚಾಗಿರುವ ಅಕ್ಷರ ಅಳಿಸಿ' ಎಂದು ಬರೆದಿರುತ್ತದೆ, ಅದರ ಕೆಳಗೇ ತಪ್ಪಿರುವ ಸಾಲು ಇರುತ್ತದೆ. ಓದಿದ್ದನ್ನು ಅಲ್ಲೇ ಮಾಡುತ್ತಾ ಹೋಗುತ್ತೀರಿ. ಪ್ರತಿ ಸಲ ತೆರೆಯುವುದು ಹೊಸ ನಕಲು. ಹಾಗಾಗಿ ಪಾಠದ ಫೈಲ್ ಅನ್ನು ಎಷ್ಟು ಕೆಡಿಸಿದರೂ ಮೂಲಕ್ಕೆ ಏನೂ ಆಗುವುದಿಲ್ಲ.